30 ವರ್ಷ ಹೊಗೆಸೊಪ್ಪು ಮುರಿದವರು ಗಟ್ಟಿಯಾಗಿದ್ದಾರೆ ಎಂದರೆ ಹಸಿ ಎಲೆಯಿಂದ ಅಪಾಯ ಇಲ್ಲವೇ?

‘30 ವರ್ಷದಿಂದ ಸೊಪ್ಪು ಮುರಿಯುವವರೇ ಗಟ್ಟಿಮುಟ್ಟಾಗಿದ್ದಾರೆ, ಹಸಿ ಎಲೆಯಿಂದ ಏನೂ ಆಗಲ್ಲ’ ಎಂಬ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿ: ಆ ಕೆಲಸ ಬಿಟ್ಟವರು ಎಲ್ಲಿ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಎಲೆ ಮುರಿಯುವುದು ಮಳೆಗಾಲದಲ್ಲಿ. ನೆಂದ ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ತಲೆಸುತ್ತು, ವಾಂತಿ ತರುತ್ತದೆ. ತಡೆಯಲಾಗದವರು ಬೇರೆ ಕೂಲಿ ಹುಡುಕಿಕೊಳ್ಳುತ್ತಾರೆ. ಉಳಿಯುವವರು ತಾಳಿಕೊಂಡವರು. ಹೆಚ್ಚು ವರ್ಷ ದುಡಿದವರೇ ಹೆಚ್ಚು ಆರೋಗ್ಯವಂತರು ಎಂದು ಕಾಣುವುದು ಹೀಗೆ.

ಸರಿ, ಈಗ ಒಂದೇ ಮಟ್ಟದ ಆರೋಗ್ಯ ಇರುವವರನ್ನಷ್ಟೇ ಹೋಲಿಸಿದರೆ? ಅದೂ ಸಾಲದು. ಆ ಆರೋಗ್ಯ ಕೆಟ್ಟಿದ್ದೇ ಹಿಂದಿನ ವರ್ಷಗಳ ಕೆಲಸದಿಂದ ಇರಬಹುದಲ್ಲ, ಆಗ ಆ ಹಾನಿ ಲೆಕ್ಕದಿಂದಲೇ ಮಾಯ! ಈ ಗಂಟು ಬಿಡಿಸುವ ದಾರಿಯನ್ನು 1986ರಲ್ಲಿ ತೋರಿಸಿದವರು ಅಮೆರಿಕದ ಜೇಮ್ಸ್ ರಾಬಿನ್ಸ್. ಪ್ರತಿ ಹಂಗಾಮಿನಲ್ಲೂ, ಅಲ್ಲಿಯವರೆಗಿನ ಆರೋಗ್ಯ ಮತ್ತು ಕೆಲಸ ಒಂದೇ ತೆರನಾಗಿದ್ದವರ ಪೈಕಿ ಮುಂದುವರಿದವರನ್ನೂ ಬಿಟ್ಟವರನ್ನೂ ಹೋಲಿಸಬೇಕು. ಆ ಹಂತಗಳನ್ನು ಜೋಡಿಸುತ್ತಾ ಹೋಗಿ, ‘ಎಲ್ಲರೂ ಮುಂದುವರಿದಿದ್ದರೆ ಏನಾಗುತ್ತಿತ್ತು, ಎಲ್ಲರೂ ಬಿಟ್ಟಿದ್ದರೆ ಏನಾಗುತ್ತಿತ್ತು’ ಎಂದು ಅಂದಾಜಿಸಬೇಕು. ಇದಕ್ಕೆ ಬಿಟ್ಟುಹೋದವರೂ ಸೇರಿದಂತೆ ಎಲ್ಲರ ವರ್ಷ ವರ್ಷದ ದಾಖಲೆ ಬೇಕು. ಸಂತೆಯಲ್ಲಿ ಕಂಡ ನಾಲ್ಕು ಜನ ಸಾಕಾಗುವುದಿಲ್ಲ.

ಸೊಪ್ಪು ಮುರಿಯುವವರು ಎಲೆ ಮೇಲಿನ ನೀರು ಆರಿದ ಮೇಲೆ ಕೈಗೆ ಗ್ಲೌಸ್, ಮೈಗೆ ತುಂಬುತೋಳಿನ ಅಂಗಿ ಹಾಕಿ ಇಳಿಯಿರಿ. ತಲೆ ಸುತ್ತಿದರೆ ಕೆಲಸ ನಿಲ್ಲಿಸಿ, ನೆಂದ ಬಟ್ಟೆ ಬದಲಿಸಿ, ಸೋಪು ಹಚ್ಚಿ ಮೈ ತೊಳೆದು ವೈದ್ಯರಿಗೆ ತೋರಿಸಿ.