ಬಾರ್ ನೋಡುವ ಮೊದಲು ಬಕೆಟ್ ಇಡಿ

ಆಯುಧಪೂಜೆ ಹತ್ತಿರ ಬಂದರೆ ಹೈದರಾಬಾದಿನ ಕನ್ನಡಿಗರಲ್ಲಿ ‘ಕಾರು ತೊಳೆಯಲು ಯಾವ ಪ್ರೆಷರ್ ವಾಷರ್ ಒಳ್ಳೆಯದು?’ ಎಂಬ ಮಾತು ಬಂದೇ ಬರುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 120 ಬಾರ್, 150 ಬಾರ್ ಎಂದಿರುತ್ತದೆ. ಎಲ್ಲರ ಕಣ್ಣೂ ಅಲ್ಲೇ. ಮೊದಲು ನೋಡಬೇಕಾದದ್ದು ಮಾತ್ರ ಸಣ್ಣಕ್ಷರದಲ್ಲಿರುವ ಇನ್ನೊಂದು ಸಂಖ್ಯೆ: ಯಂತ್ರಕ್ಕೆ ನಿಮಿಷಕ್ಕೆ ಎಷ್ಟು ಲೀಟರ್ ನೀರು ಬೇಕು?

ಮನೆಬಳಕೆಯ ಯಂತ್ರಗಳಿಗೆ ಸಾಮಾನ್ಯವಾಗಿ 5ರಿಂದ 7 ಲೀಟರ್ ಬೇಕು. ಗಂಟೆಗೆ 390 ಲೀಟರ್ ಎಂದಿದ್ದರೆ 60ರಿಂದ ಭಾಗಿಸಿ, ನಿಮಿಷಕ್ಕೆ ಆರೂವರೆ. ಅಷ್ಟು ನೀರು ಬರದಿದ್ದರೆ ಪಂಪು ಗಡಗಡ ಸದ್ದು ಮಾಡುತ್ತದೆ, ಒತ್ತಡ ಏರಿಳಿಯುತ್ತದೆ, ಸೀಲ್ ಬೇಗ ಹಾಳಾಗುತ್ತದೆ.

ಪರೀಕ್ಷೆ ಸುಲಭ. ಯಂತ್ರಕ್ಕೆ ಜೋಡಿಸುವ ಪೈಪನ್ನೇ ನಲ್ಲಿಗೆ ಹಾಕಿ, ಅದರ ತುದಿಗೆ 10 ಲೀಟರ್ ಬಕೆಟ್ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿ. 60 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 10 ಲೀಟರ್, ಚಿಂತೆಯಿಲ್ಲ. ಆರೂವರೆ ಲೀಟರಿನ ಯಂತ್ರಕ್ಕೆ ಕನಿಷ್ಠ 8 ಲೀಟರ್ ಬಂದರೆ ನೆಮ್ಮದಿ. ಅಂದರೆ ಬಕೆಟ್ ತುಂಬಲು 75 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು.

ಇಲ್ಲಿ ಜಲಮಂಡಳಿಯ ನೀರು ಹೆಚ್ಚಿನ ಬಡಾವಣೆಗಳಿಗೆ ದಿನ ಬಿಟ್ಟು ದಿನ ಬರುತ್ತದೆ. ಇಲ್ಲಿಯವರು ‘ನಲ್ಲಾ’ ಎನ್ನುವ ಆ ನೀರು ಸಂಪಿಗೆ ಬಿದ್ದು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರುತ್ತದೆ. ಹಾಗಾಗಿ ಯಂತ್ರಕ್ಕೆ ಸಿಗುವುದು ಟ್ಯಾಂಕಿನ ಎತ್ತರದ ಒತ್ತಡವಷ್ಟೇ: 10 ಮೀಟರಿಗೆ ಸುಮಾರು 1 ಬಾರ್. ನೆಲಮಹಡಿಯಲ್ಲಿ ಸಾಕಾಗುವ ಧಾರೆ ಟ್ಯಾಂಕಿನ ಕೆಳಗೇ ಇರುವ ಮೇಲಂತಸ್ತಿನಲ್ಲಿ ಸೊರಗುತ್ತದೆ. ಸಾಲದಿದ್ದರೆ ನಲ್ಲಾ ಲೈನಿಗೇ ಮೋಟಾರ್ ಹಚ್ಚಬೇಡಿ. ಅದಕ್ಕೆ ದಂಡವಿದೆ, ಪಕ್ಕದ ಮನೆಯ ನೀರೂ ಕಡಿಮೆಯಾಗುತ್ತದೆ. ಡ್ರಮ್ಮಿನಿಂದ ನೀರು ಎಳೆದುಕೊಳ್ಳುವ ಯಂತ್ರ ಕೊಳ್ಳಿ. ಪೈಪಿನಲ್ಲಿ ನೀರು ತುಂಬಿಸಿಕೊಂಡೇ ಸ್ವಿಚ್ ಒತ್ತಿ. ಬೋರ್‌ವೆಲ್ ನೀರಾದರೆ ಫಿಲ್ಟರ್ ಜಾಲರಿಯನ್ನು ಆಗಾಗ ತೊಳೆಯಿರಿ. ಅದು ಕಟ್ಟಿಕೊಂಡರೂ ಯಂತ್ರಕ್ಕೆ ನೀರು ಸಾಲದು.

ಇನ್ನೊಂದು ಲೆಕ್ಕ. ಆರೂವರೆ ಲೀಟರಿನ ಯಂತ್ರ 15 ನಿಮಿಷ ಓಡಿದರೆ ಸುಮಾರು 100 ಲೀಟರ್ ಖಾಲಿ. ಸೋಪು ಹಚ್ಚಿ ಉಜ್ಜುವಾಗ ಟ್ರಿಗರ್ ಬಿಟ್ಟು, 5 ನಿಮಿಷ ಮಾತ್ರ ಓಡಿಸಿದರೆ 33 ಲೀಟರ್ ಸಾಕು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದದ್ದು ನೆನಪಿರಬಹುದು. ಈ ಊರಿನ ನಲ್ಲಾದಲ್ಲಿ ಬರುವ ಕೃಷ್ಣೆಯೂ ಮಂಜೀರೆಯೂ ನಮ್ಮ ನಾಡನ್ನು, ಒಂದು ಆಲಮಟ್ಟಿಯನ್ನು, ಇನ್ನೊಂದು ಬೀದರ್ ಜಿಲ್ಲೆಯನ್ನು, ದಾಟಿ ಬಂದವು. ದಿನ ಬಿಟ್ಟು ದಿನ ಬರುವ ಆ ನೀರಿನಲ್ಲಿ ಅಡುಗೆಮನೆಯ ಪಾಲು ತೆಗೆದಿಟ್ಟು, ಉಳಿದದ್ದರಲ್ಲಿ ಕಾರು ತೊಳೆಯೋಣ.