ಕಡಲು ಹೊಳೆಯುವುದು ಫಾಸ್ಫರಸ್‌ನಿಂದಲ್ಲ, ಕೈಗಾದಿಂದಲೂ ಅಲ್ಲ

ಮಳೆಗಾಲ ಕಳೆದು ಕಡಲಿನ ಅಬ್ಬರ ಇಳಿದ ಮೇಲೆ, ಕೆಲವು ವರ್ಷ, ಕಾರವಾರ ಮತ್ತು ಅಂಕೋಲೆಯ ದಂಡೆಯಲ್ಲಿ ರಾತ್ರಿಯ ಅಲೆಗಳು ನೀಲಿಯಾಗಿ ಹೊಳೆಯುತ್ತವೆ. ಅಲೆ ಮುರಿದಲ್ಲಿ ಬೆಳಕು, ಒದ್ದೆ ಮರಳಿನಲ್ಲಿ ಕಾಲೂರಿದಲ್ಲಿ ಬೆಳಕು, ದೋಣಿಯ ಹುಟ್ಟು ನೀರಿಗೆ ಬಿದ್ದಲ್ಲೆಲ್ಲ ಬೆಳಕು. ಬೆಳಗಾಗುವುದರೊಳಗೆ ಅದರ ವಿಡಿಯೊ ಹುಬ್ಬಳ್ಳಿ, ಬೆಂಗಳೂರು ಮುಟ್ಟಿರುತ್ತದೆ. ಅದರ ಬೆನ್ನಿಗೇ ಕಾರಣಗಳೂ ಹೊರಡುತ್ತವೆ: ನೀರಿನಲ್ಲಿ ಫಾಸ್ಫರಸ್ ಇದೆ, ಕೈಗಾ ಅಣುಸ್ಥಾವರದಿಂದ ಏನೋ ಸೋರಿದೆ, ಹಡಗಿನವರು ರಾಸಾಯನಿಕ ಸುರಿದಿದ್ದಾರೆ, ಈ ಸಲ ಮೀನು ಭರ್ಜರಿ. ಇವುಗಳಲ್ಲಿ ಹೆಚ್ಚಿನವು ಸುಳ್ಳು, ಒಂದರಲ್ಲಿ ಅರ್ಧ ಸತ್ಯವಿದೆ. ಕಾರಣ ತಪ್ಪಾಗಿ ತಿಳಿದರೆ ಹೆದರಬೇಕಿಲ್ಲದ್ದಕ್ಕೆ ಹೆದರುತ್ತೇವೆ, ಎಚ್ಚರ ಇರಬೇಕಾದಲ್ಲಿ ಮೈಮರೆಯುತ್ತೇವೆ. ಕರಾವಳಿಯಲ್ಲಿ ಎರಡೂ ಆಗುತ್ತಿವೆ.

"ನೀರಿನಲ್ಲಿ ಫಾಸ್ಫರಸ್ ಸೇರಿದೆ"

ಶಾಲೆಯ ಮೇಷ್ಟ್ರುಗಳೂ ಹೇಳುವ ಮಾತಿದು. ಫಾಸ್ಫರಸ್ ಎಂದರೆ ರಂಜಕ; ಬಿಳಿ ರಂಜಕ ಕತ್ತಲಲ್ಲಿ ಹೊಳೆಯುವುದು ನಿಜ. ಹೆನ್ನಿಗ್ ಬ್ರಾಂಡ್ ಎಂಬ ಜರ್ಮನ್ 1669ರಲ್ಲಿ ಅದನ್ನು ಮೂತ್ರದಿಂದ ಬೇರ್ಪಡಿಸಿದಾಗ ಕಂಡು ಬೆರಗಾದದ್ದೂ ಆ ಹೊಳಪಿಗೇ. ಆದರೆ ಅದು ಹೊಳೆಯಲು ಗಾಳಿಯ ಆಮ್ಲಜನಕ ತಗಲಬೇಕು. ಪ್ರಯೋಗಾಲಯಗಳಲ್ಲಿ ಬಿಳಿ ರಂಜಕವನ್ನು ನೀರಿನಡಿ ಮುಳುಗಿಸಿಡುವುದೇ ಗಾಳಿ ತಾಗಿ ಹೊತ್ತಿಕೊಳ್ಳದಿರಲಿ ಎಂದು. ಹೊರಗೆ ತೆಗೆದರೆ ನಮ್ಮ ಕರಾವಳಿಯ ಸೆಖೆಯಲ್ಲಿ ತಾನಾಗಿಯೇ ಹೊತ್ತಿ ಉರಿದೀತು. ಸಮುದ್ರದಲ್ಲಿರುವುದು ಅದಲ್ಲ, ನೀರಿನಲ್ಲಿ ಕರಗಿದ ಫಾಸ್ಫೇಟ್ ಲವಣ. ಅದಕ್ಕೆ ಹೊಳೆಯುವ ಗುಣವಿಲ್ಲ.

ಹೊಳೆಯುವುದು ಒಂದು ಜೀವಿ. ಹೆಸರು ನಾಕ್ಟಿಲುಕಾ ಸಿಂಟಿಲಾನ್ಸ್. ಇಡೀ ದೇಹವೇ ಒಂದು ಜೀವಕೋಶ. ಆದರೂ ಒಂದು ಮಿಲಿಮೀಟರ್‌ನ ಆಸುಪಾಸು ಬೆಳೆಯುವುದರಿಂದ, ಹೊಳೆಯುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ಬೆಂದ ಸಬ್ಬಕ್ಕಿಯ ಪುಟ್ಟ ಚೂರುಗಳಂತೆ ಬರಿಗಣ್ಣಿಗೇ ಕಾಣುತ್ತದೆ. ಅದರೊಳಗೆ ಲೂಸಿಫೆರಿನ್ ಎಂಬ ವಸ್ತುವೂ ಲೂಸಿಫೆರೇಸ್ ಎಂಬ ಕಿಣ್ವವೂ ತುಂಬಿದ ಸೂಕ್ಷ್ಮ ಗಂಟುಗಳಿವೆ. ಅಲೆಯೋ, ಮೀನೋ, ನಮ್ಮ ಕೈಯೋ ತಾಗಿ ಕೋಶ ಅಲುಗಿದೊಡನೆ ಅದರ ಪೊರೆಯಲ್ಲಿ ಒಂದು ವಿದ್ಯುತ್ ಸಂಕೇತ ಓಡುತ್ತದೆ. ಗಂಟುಗಳೊಳಗೆ ಆಮ್ಲೀಯತೆ ಥಟ್ಟನೆ ಏರುತ್ತದೆ, ಕಿಣ್ವ ಎಚ್ಚರಗೊಂಡು ಲೂಸಿಫೆರಿನ್ ಆಮ್ಲಜನಕದೊಂದಿಗೆ ಕೂಡುತ್ತದೆ, ನೀಲಿ ಬೆಳಕು ಚಿಮ್ಮುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಎಲ್ಲವೂ ಮುಗಿದಿರುತ್ತದೆ. ನೀರಿನಲ್ಲಿ ಬಹುದೂರ ಸಾಗುವ ಬಣ್ಣ ನೀಲಿ; ಕಡಲ ಜೀವಿಗಳ ಬೆಳಕು ಬಹುಮಟ್ಟಿಗೆ ಆ ಬಣ್ಣದ್ದೇ ಆಗಿರುವುದು ಅದಕ್ಕೇ. ತನ್ನನ್ನು ತಿನ್ನಬಂದ ಸಣ್ಣ ಪ್ರಾಣಿಯನ್ನು ಬೆಚ್ಚಿಸಲು, ಇಲ್ಲವೇ ಆ ಪ್ರಾಣಿಯನ್ನು ತಿನ್ನುವ ಮೀನಿಗೆ ಅದರ ಜಾಗ ತೋರಿಸಿಕೊಡಲು ಹೀಗೆ ಮಿನುಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ.

ಬೆಂಜಮಿನ್ ಫ್ರಾಂಕ್ಲಿನ್ ಕೂಡ ಮೊದಲು, ಉಪ್ಪು ಮತ್ತು ನೀರು ಒಂದಕ್ಕೊಂದು ಉಜ್ಜಿ ವಿದ್ಯುತ್ ಹುಟ್ಟುತ್ತದೆ, ಅದೇ ಕಡಲ ಬೆಳಕು ಎಂದು ನಂಬಿದ್ದ. ಬಾಟಲಿಯಲ್ಲಿ ತುಂಬಿಟ್ಟ ಸಮುದ್ರದ ನೀರು ಸಮಯ ಕಳೆದಂತೆ ಎಷ್ಟು ಕುಲುಕಿದರೂ ಹೊಳೆಯದಿದ್ದಾಗ ತನ್ನ ಊಹೆಯನ್ನು ತಾನೇ ಕೈಬಿಟ್ಟ. ಉಪ್ಪು ಹಾಗೆಯೇ ಇತ್ತು, ಬೆಳಕು ಮಾತ್ರ ಹೋಗಿತ್ತು. ಈ ಪರೀಕ್ಷೆಯನ್ನು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಒಂದು ಗಾಜಿನ ಬಾಟಲಿ ಇಟ್ಟುಕೊಂಡು ಯಾರೂ ಮಾಡಿ ನೋಡಬಹುದು.

"ಕೈಗಾದ ವಿಕಿರಣ ಸಮುದ್ರ ಸೇರಿದೆ"

ಈ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಾಳಿ ನದಿಯ ದಡದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ, ಅದೇ ಕಾಳಿ ಕೋಡಿಬಾಗದ ಹತ್ತಿರ ಸಮುದ್ರ ಸೇರುತ್ತದೆ. ಹೀಗಿರುವಾಗ ನದಿಯ ಕೆಳಗಿನ ಜನ ಪ್ರಶ್ನೆ ಕೇಳುವುದು ಅವರ ಹಕ್ಕು. ಆದರೆ ಈ ಬೆಳಕು ಆ ಪ್ರಶ್ನೆಗೆ ಸಾಕ್ಷಿಯಾಗಲಾರದು.

ಅಣುಸ್ಥಾವರದ ನೀರಿನಲ್ಲೂ ನೀಲಿ ಬೆಳಕು ಕಾಣುತ್ತದೆ, ಅದಕ್ಕೆ ಚೆರೆಂಕೋವ್ ಬೆಳಕು ಎನ್ನುತ್ತಾರೆ. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲಿಂದ. ವಿದ್ಯುದಾವೇಶದ ಕಣಗಳು ನೀರಿನಲ್ಲಿ ಬೆಳಕಿಗಿಂತ ಹೆಚ್ಚು ವೇಗವಾಗಿ ಚಲಿಸಿದಾಗ ಅದು ಉಂಟಾಗುತ್ತದೆ. ಬರಿಗಣ್ಣಿಗೆ ಕಾಣುವಷ್ಟು ಹೊಳೆಯಬೇಕಾದರೆ ಸ್ಥಾವರದೊಳಗಿನ ಇಂಧನ ಕೊಳದಲ್ಲಿರುವಂಥ ಪ್ರಚಂಡ ವಿಕಿರಣ ಬೇಕು. ಮತ್ತು ಆ ಹೊಳಪು ನೀರು ನಿಂತಿರಲಿ, ಅಲುಗಲಿ ಒಂದೇ ಸಮನೆ ಇರುತ್ತದೆ. ಕಡಲ ಬೆಳಕು ಕಲಕಿದರೆ ಮಾತ್ರ ಬರುತ್ತದೆ, ಕಲಕುವುದು ನಿಲ್ಲಿಸಿದರೆ ಹೋಗುತ್ತದೆ. ಕೈಗಾದ ಮೊದಲ ಘಟಕ ಚಾಲನೆಗೊಂಡದ್ದು 1999ರಲ್ಲಿ. ಇದೇ ನಾಕ್ಟಿಲುಕಾ ಕೆನರಾ ಮತ್ತು ಮಲಬಾರ್ ತೀರದ ನೀರನ್ನು ತುಂಬಿಕೊಳ್ಳುವುದರ ಬಗ್ಗೆ ಬಿ. ಎಸ್. ಭೀಮಾಚಾರ್ ಮತ್ತು ಪಿ. ಸಿ. ಜಾರ್ಜ್ ಪ್ರಬಂಧ ಪ್ರಕಟಿಸಿದ್ದು 1950ರಲ್ಲಿ.

"ಬೆಳಕು ಬಂತೆಂದರೆ ಮೀನು ಬಂತು"

ಅರ್ಧ ಸತ್ಯ ಇರುವುದು ಇಲ್ಲಿ. ರಂಪಣಿ ಬಲೆಯ ಕಾಲದಲ್ಲಿ ಕತ್ತಲ ರಾತ್ರಿ ಬಂಗಡೆಯ ಹಿಂಡು ಎಲ್ಲಿದೆ ಎಂಬುದನ್ನು ನೀರಿನ ಹೊಳಪಿನಿಂದಲೇ ಗುರುತಿಸುತ್ತಿದ್ದರು. ಸಾವಿರಾರು ಮೀನು ಒಟ್ಟಿಗೆ ಸರಿದಾಗ ನೀರಿನಲ್ಲಿ ಚದುರಿಕೊಂಡಿರುವ ಬೆಳಕಿನ ಜೀವಿಗಳು ಕಲಕಿ, ಹಿಂಡಿನ ಮೈ ಉದ್ದಕ್ಕೂ ಮಿನುಗು ಏಳುತ್ತದೆ. ನಮ್ಮ ಮೀನುಗಾರರು ಅನುಭವದಿಂದ ಕಂಡುಕೊಂಡ ನಿಜವಾದ ಜ್ಞಾನವಿದು, ಇದಕ್ಕೆ ತಲೆಬಾಗಲೇಬೇಕು. ಅಲ್ಲಿ ಬೆಳಕು ಮೀನನ್ನು ಕರೆತಂದಿರಲಿಲ್ಲ, ಮೀನು ಬೆಳಕನ್ನು ಎಬ್ಬಿಸಿತ್ತು.

ದಂಡೆಗೆ ದಂಡೆಯೇ ಉರಿದಂತೆ ಕಾಣುವಷ್ಟು ನಾಕ್ಟಿಲುಕಾ ತುಂಬಿಕೊಂಡಾಗ ಲೆಕ್ಕ ತಿರುವುಮುರುವಾಗುತ್ತದೆ. ಭೀಮಾಚಾರ್ ಮತ್ತು ಜಾರ್ಜ್ ಅವರ ಪ್ರಬಂಧದ ವಿಷಯವೇ ಅದು: ಬಂಗಡೆ, ತಾರ್ಲೆಗಳ ಹಂಗಾಮು ನಡುವೆಯೇ ಹಠಾತ್ತನೆ ಕುಸಿಯುವುದಕ್ಕೆ ಈ ಜೀವಿ ಉಂಟುಮಾಡುವ ಕೆಂಪು ನೀರು ಕಾರಣವಿರಬಹುದು, ಮೀನು ಆ ನೀರನ್ನು ಬಿಟ್ಟು ದೂರ ಸರಿಯುತ್ತದೆ ಎಂದು ಅವರು ವಾದಿಸಿದರು. ಬಂಗಡೆ, ತಾರ್ಲೆಗಳ ಆಹಾರವಾದ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯನ್ನೇ ನಾಕ್ಟಿಲುಕಾ ತಿನ್ನುತ್ತದೆ. ಮೀನಿನ ಮೊಟ್ಟೆಗಳನ್ನೂ ನುಂಗುತ್ತದೆ. ನೀರಿನಲ್ಲಿ ತೇಲಲು ಅನುಕೂಲವಾಗಲೆಂದು ಮೈಯಲ್ಲಿ ಅಮೋನಿಯಾ ತುಂಬಿಟ್ಟುಕೊಂಡಿರುತ್ತದೆ. ರಾಶಿ ರಾಶಿಯಾಗಿ ಸತ್ತು ಕೊಳೆತಾಗ ಆ ಅಮೋನಿಯಾ ನೀರಿಗೆ ಬಿಡುಗಡೆಯಾಗಿ, ಆಮ್ಲಜನಕವೂ ಕಡಿಮೆಯಾಗುತ್ತದೆ. ಬೆಳಕಿಗೆ ಮೀನು ಮುತ್ತುವುದು ಎಲ್‌ಇಡಿ ದೀಪದ ವಿಷಯದಲ್ಲಿ ನಿಜ, ಕೇಂದ್ರ ಸರ್ಕಾರ 2017ರಲ್ಲಿ ದೀಪ ಬಳಸಿ ಮೀನು ಹಿಡಿಯುವುದನ್ನು ನಿಷೇಧಿಸಿದ್ದೂ ಅದಕ್ಕೇ. ಆ ನಂಬಿಕೆಯನ್ನು ಈ ಬೆಳಕಿಗೆ ಅಂಟಿಸಬಾರದು.

"ಹಗಲು ನೀರು ಹಸಿರಾಗಿದೆ ಎಂದರೆ ಯಾರೋ ರಾಸಾಯನಿಕ ಸುರಿದಿದ್ದಾರೆ"

ನಾಕ್ಟಿಲುಕಾದಲ್ಲಿ ಎರಡು ಬಗೆ. ಒಂದು ಬೇಟೆಯಾಡಿಯೇ ಬದುಕುವುದು, ಅದು ಗುಂಪುಗೂಡಿದರೆ ನೀರು ಕೆಂಪು ಅಥವಾ ಕಿತ್ತಳೆ. ಇನ್ನೊಂದು ತನ್ನ ಮೈಯೊಳಗೆ ಪೆಡಿನೊಮೊನಾಸ್ ಎಂಬ ಹಸಿರು ಪಾಚಿಯನ್ನು ಜೀವಂತವಾಗಿ ಸಾಕಿಕೊಂಡಿರುವುದು. ಬಿಸಿಲಿದ್ದರೆ ಪಾಚಿ ತಯಾರಿಸಿದ್ದನ್ನು ಉಣ್ಣುತ್ತದೆ, ಬೇಟೆ ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಅರಬ್ಬೀ ಸಮುದ್ರದಲ್ಲಿ ಚಳಿಗಾಲದಲ್ಲಿ ಹಸಿರು ಹರಡುವುದು ಈ ಎರಡನೆಯದು.

ಅದು ಏಕೆ ಹೆಚ್ಚುತ್ತಿದೆ ಎಂಬುದರಲ್ಲಿ ಇತ್ತೀಚಿನ ಸಂಶೋಧನೆಯ ಸ್ವಾರಸ್ಯವಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಹೆಲ್ಗಾ ಗೋಮ್ಸ್, ಜೋಕಿಂ ಗೋಯೆಸ್ ಮತ್ತು ಸಂಗಡಿಗರು 2014ರಲ್ಲಿ, ಆಮ್ಲಜನಕ ಕಡಿಮೆಯಿರುವ ನೀರು ಮೇಲೇಳುತ್ತಿರುವುದು ಇದಕ್ಕೆ ಅನುಕೂಲವಾಗಿದೆ ಎಂದರು. 2020ರಲ್ಲಿ ಗೋಯೆಸ್ ತಂಡ ಇನ್ನೂ ದೂರದ ಕೊಂಡಿಯೊಂದನ್ನು ತೋರಿಸಿತು: ಹಿಮಾಲಯದ ಹಿಮ ಕರಗಿ, ಅಲ್ಲಿಂದ ಬೀಸುವ ಚಳಿಗಾಲದ ಗಾಳಿ ಮೊದಲಿನಷ್ಟು ತಂಪಾಗಿಯೂ ಒಣದಾಗಿಯೂ ಇಲ್ಲ, ಹಾಗಾಗಿ ಸಮುದ್ರದ ಮೇಲ್ಪದರ ತಣಿದು ಕೆಳಗಿಳಿದು, ಆಳದ ಪೋಷಕಾಂಶ ಮೇಲೆ ಬರುವುದು ಕುಂದಿದೆ, ಬರಿಯ ಪೋಷಕಾಂಶವನ್ನೇ ನೆಚ್ಚಿದ ಡಯಾಟಮ್‌ಗಳು ಸೋಲುತ್ತಿವೆ, ಎರಡು ದಾರಿಯಲ್ಲಿ ಉಣ್ಣುವ ನಾಕ್ಟಿಲುಕಾ ಗೆಲ್ಲುತ್ತಿದೆ. ಆಮ್ಲಜನಕದ ವಾದವನ್ನು ಭಾರತದ ಸಾಗರ ವಿಜ್ಞಾನಿಗಳೇ ಕೆಲವರು ಒಪ್ಪಿಲ್ಲ. ಜಗಳ ಇನ್ನೂ ನಡೆದಿದೆ, ನಡೆಯಬೇಕಾದದ್ದೂ ಹೀಗೆಯೇ. ದಂಡೆಯ ಹತ್ತಿರ ಊರಿನ ಕೊಳಚೆ ಮತ್ತು ಗದ್ದೆಯ ಗೊಬ್ಬರವೂ ಸೂಕ್ಷ್ಮ ಪಾಚಿಗೆ ಮೇವಾಗುತ್ತವೆ. ಆದ್ದರಿಂದ ಅಪರಿಚಿತ ಹಡಗನ್ನು ಬೈಯುವ ಮೊದಲು ನಮ್ಮ ಪೇಟೆಯ ಚರಂಡಿ ಎಲ್ಲಿ ಹೋಗಿ ಕಡಲು ಸೇರುತ್ತದೆ ಎಂದು ನೋಡುವುದು ಒಳ್ಳೆಯದು.

"ನೋಡಲಷ್ಟೇ ಚಂದ, ಉಪಯೋಗವೇನೂ ಇಲ್ಲ"

ಇಂದಿನ ವೈದ್ಯಕೀಯ ಸಂಶೋಧನೆಗೆ ಕಣ್ಣು ಕೊಟ್ಟದ್ದೇ ಜೀವಿಗಳ ಬೆಳಕು. ಒಸಾಮು ಶಿಮೊಮುರಾ 1960ರ ದಶಕದ ಆರಂಭದಲ್ಲಿ ಅಮೆರಿಕದ ಪಶ್ಚಿಮ ತೀರದಲ್ಲಿ ಸಾವಿರಾರು ಅಂಬಲಿ ಮೀನುಗಳನ್ನು ಹಿಡಿದು, ಅವು ಏಕೆ ಹೊಳೆಯುತ್ತವೆ ಎಂದು ಹುಡುಕುತ್ತಿದ್ದರು. ಆಗ ದೊರೆತ ಹಸಿರು ಪ್ರೋಟೀನ್ ಅನ್ನು ಮಾರ್ಟಿನ್ ಚಾಲ್ಫಿ 1994ರಲ್ಲಿ ಬೇರೆ ಜೀವಿಗಳೊಳಗೆ ಬೆಳಗಿಸಿದರು, ರೋಜರ್ ಸಿಯೆನ್ ಅದಕ್ಕೆ ಹಲವು ಬಣ್ಣ ಕೊಟ್ಟರು. ಕ್ಯಾನ್ಸರ್ ಕೋಶ ಮೈಯಲ್ಲಿ ಹೇಗೆ ಹರಡುತ್ತದೆ, ನರಕೋಶ ಹೇಗೆ ಬೆಳೆಯುತ್ತದೆ ಎಂಬುದನ್ನು ಜೀವಂತವಾಗಿ ನೋಡಲು ಸಾಧ್ಯವಾಯಿತು. 2008ರ ರಸಾಯನ ವಿಜ್ಞಾನದ ನೊಬೆಲ್ ಮೂವರಿಗೂ ಬಂತು. ಮಿಣುಕುಹುಳದ ಲೂಸಿಫೆರೇಸ್ ಕಿಣ್ವ ಇಂದು ಆಸ್ಪತ್ರೆಯ ಮೇಜು, ಆಹಾರ ಕಾರ್ಖಾನೆಯ ಪಾತ್ರೆ ನಿಜಕ್ಕೂ ಸ್ವಚ್ಛವಾಗಿವೆಯೇ ಎಂದು ಕ್ಷಣಗಳಲ್ಲಿ ಹೇಳುತ್ತದೆ, ಹೊಸ ಔಷಧಿಗಳ ಪರೀಕ್ಷೆಗೂ ಬಳಕೆಯಾಗುತ್ತದೆ.

ನಾಕ್ಟಿಲುಕಾ, ಅಂಬಲಿ ಮೀನು, ಮಿಣುಕುಹುಳ ಈ ಮೂರರದೂ ಒಂದೇ ಬೆಳಕಲ್ಲ ಎನ್ನುವುದು ನೆನಪಿರಲಿ. ನಾಕ್ಟಿಲುಕಾದ ಲೂಸಿಫೆರಿನ್ ರಚನೆಯಲ್ಲಿ ಎಲೆಯ ಪತ್ರಹರಿತ್ತನ್ನು ಹೋಲುತ್ತದೆ, ಮಿಣುಕುಹುಳದ್ದು ಬೇರೆಯೇ ವಸ್ತು. ಮಿಣುಕುಹುಳ ನೂರಕ್ಕೆ ನೂರರಷ್ಟು ದಕ್ಷತೆಯಿಂದ ಬೆಳಕು ಕೊಡುತ್ತದೆ ಎಂದು ಈಗಲೂ ಬರೆಯುವವರಿದ್ದಾರೆ. ಜಪಾನಿನ ವಿಜ್ಞಾನಿಗಳು 2008ರಲ್ಲಿ ಮತ್ತೆ ಅಳೆದಾಗ ಸಿಕ್ಕಿದ್ದು ಸುಮಾರು ಶೇ. 41. ಆದರೂ ಬಿಸಿಯಿಲ್ಲದೆ, ವಿಷದ ದ್ರಾವಕವಿಲ್ಲದೆ, ನೀರಿನಲ್ಲೇ ನಡೆಯುವ ಈ ಕ್ರಿಯೆ ಹಸಿರು ರಸಾಯನಶಾಸ್ತ್ರಕ್ಕೆ ದೊಡ್ಡ ಮಾದರಿ. ಹೊಳೆಯುವ ಅಣಬೆಯ ವಂಶವಾಹಿಗಳನ್ನು ಸೇರಿಸಿ ತಾನಾಗಿ ಬೆಳಗುವ ಹೊಗೆಸೊಪ್ಪಿನ ಗಿಡವನ್ನು 2020ರಲ್ಲಿ ತಯಾರಿಸಲಾಯಿತು, 2024ರಲ್ಲಿ ಅಮೆರಿಕದಲ್ಲಿ ಅಂಥ ಪೆಟೂನಿಯಾ ಹೂಗಿಡ ಮಾರಾಟಕ್ಕೂ ಬಂತು. ಇನ್ನು ಬೀದಿದೀಪವೇ ಬೇಡ, ಮರಗಳೇ ಬೆಳಗುತ್ತವೆ ಎಂಬ ಸುದ್ದಿಯನ್ನು ಮಾತ್ರ ನಂಬಬೇಡಿ. ಆ ಗಿಡದ ಬೆಳಕು ಕತ್ತಲ ಕೋಣೆಯಲ್ಲಿ ಕಾಣುವಷ್ಟು ಮಂದ.

"ಚೆನ್ನಾಗಿ ಬೇಯಿಸಿದರೆ ಯಾವ ಚಿಪ್ಪೂ ಅಪಾಯವಲ್ಲ"

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು, ಬೆಳಕಿನಷ್ಟು ಚರ್ಚೆ ಇದಕ್ಕೆ ಸಿಗುವುದಿಲ್ಲ. ನಾಕ್ಟಿಲುಕಾ ಮನುಷ್ಯನಿಗೆ ವಿಷ ಮಾಡುವ ಜೀವಿಯಲ್ಲ. ದಟ್ಟವಾಗಿ ತುಂಬಿದ ನೀರಿನಲ್ಲಿ ಈಜದಿದ್ದರೆ ಸಾಕು. ಆದರೆ ಅದೇ ಬಳಗದ ಬೇರೆ ಸೂಕ್ಷ್ಮ ಜೀವಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷ ತಯಾರಿಸುತ್ತವೆ. ಬಳಚು, ನೀಲಿಕಲ್ಲುಗಳು ದಿನವಿಡೀ ನೀರು ಸೋಸಿ ತಿನ್ನುವುದರಿಂದ ಆ ವಿಷ ಅವುಗಳ ಮಾಂಸದಲ್ಲಿ ಕೂಡಿಕೊಳ್ಳುತ್ತದೆ. ಅವು ಸಾಯುವುದಿಲ್ಲ, ಅವುಗಳ ರುಚಿ ಬದಲಾಗುವುದಿಲ್ಲ. ಕುದಿಸಿದರೂ ಆ ವಿಷ ನಾಶವಾಗುವುದಿಲ್ಲ, ಮಂಜುಗಡ್ಡೆಯಲ್ಲಿಟ್ಟರೂ ಇಲ್ಲ. ತುಟಿ, ನಾಲಿಗೆ ಜುಮ್ಮೆನ್ನುವುದರಿಂದ ಶುರುವಾಗಿ ಉಸಿರಾಟದ ಸ್ನಾಯುಗಳವರೆಗೆ ಹೋಗಬಹುದು. ಇದಕ್ಕೆ ಪ್ರತಿವಿಷ ಇಲ್ಲ, ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ಆಸರೆ ಕೊಟ್ಟು ಕಾಯುವುದೇ ಚಿಕಿತ್ಸೆ. ದೂರದ ದೇಶದ ಕಥೆಯಲ್ಲ ಇದು: 1983ರಲ್ಲಿ ಕಾಸರಗೋಡಿನ ಕುಂಬಳೆಯಲ್ಲಿ ಬಳಚು ತಿಂದು ಹೀಗಾಗಿ ಒಬ್ಬ ಬಾಲಕ ತೀರಿಕೊಂಡ, ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಕಾರಣ ಪತ್ತೆಹಚ್ಚಿದರು.

ಆದ್ದರಿಂದ ಕಾಳಿ, ಗಂಗಾವಳಿ ಅಳಿವೆಗಳಲ್ಲಿ ಬಳಚು ಹೆಕ್ಕುವವರಲ್ಲಿ, ಕೊಳ್ಳುವವರಲ್ಲಿ ನನ್ನದೊಂದು ಕೇಳಿಕೆ. ನೀರಿನ ಬಣ್ಣ ಬದಲಾಗಿರುವ ದಿನಗಳಲ್ಲಿ ಅಲ್ಲಿನ ಚಿಪ್ಪನ್ನು ತಿನ್ನಬೇಡಿ, ಮಾರಬೇಡಿ. ತಿಂದ ಮೇಲೆ ತುಟಿ ಜುಮ್ಮೆಂದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಎಂದು ವೈದ್ಯರಿಗೆ ಹೇಳಿ. ಕಡಲು ಹೊಳೆದದ್ದನ್ನೋ ಬಣ್ಣ ತಿರುಗಿದ್ದನ್ನೋ ಕಂಡರೆ ವಿಡಿಯೊ ಹಂಚುವ ಜೊತೆಗೆ ದಿನಾಂಕ, ಜಾಗ ಬರೆದಿಟ್ಟು, ಕಾರವಾರದ ಕಡಲ ಜೀವಶಾಸ್ತ್ರ ವಿಭಾಗಕ್ಕೋ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಾರವಾರ ಕೇಂದ್ರಕ್ಕೋ ತಿಳಿಸಿ; ಆಗಲೇ ಒಂದು ಬಾಟಲಿ ನೀರು ತುಂಬಿಟ್ಟಿದ್ದರೆ ಅದನ್ನೂ ಕೊಡಿ.