ಗಲಗಲ ಎನ್ನುವ ಚೆಂಡು

ಕಡೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವುದು ನನ್ನ ವೃತ್ತಿ. 2025ನೆಯ ನವೆಂಬರ್ 24, ಸೋಮವಾರ, ಮೊದಲನೆಯ ಗಂಟೆಯ ಪಾಠ ಮುಗಿಸಿ ಹೊರಬರುತ್ತಿದ್ದಾಗ, ಅಜ್ಜಂಪುರದ ಕಡೆಯಿಂದ ದಿನವೂ ರೈಲಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಬಾಗಿಲ ಬಳಿ ನಿಂತು, "ಸರ್, ನಿನ್ನೆ ನಮ್ಮ ಹುಡುಗೀರು ಗೆದ್ದರು" ಎಂದಳು. ಹರ್ಮನ್‌ಪ್ರೀತ್ ಕೌರ್ ಅವರ ತಂಡ ವಿಶ್ವಕಪ್ ಗೆದ್ದದ್ದು ನವೆಂಬರ್ 2ರಂದು. ಮೂರು ವಾರದ ಹಳೆಯ ಸುದ್ದಿಯನ್ನು ಈಕೆ ಈಗ ತಂದಿರುವಳೆಂದು ನಕ್ಕುಬಿಟ್ಟೆ. "ಅವರಲ್ಲ ಸರ್, ಕಣ್ಣು ಕಾಣದವರು" ಎಂದಳು.

ಆ ಮಾತನ್ನು ಹೇಳಿದ ಬಗೆಯಲ್ಲಿ ಏನೋ ಇತ್ತು. ಈ ಹುಡುಗಿ ಮೊದಲ ಬೆಂಚಿನಲ್ಲಿಯೇ ಕುಳಿತರೂ ಕರಿಹಲಗೆಯ ಮೇಲಿನದನ್ನು ಎಂದೂ ತಾನಾಗಿ ಬರೆದುಕೊಂಡವಳಲ್ಲ. ಪಕ್ಕದವಳು ಪಿಸುಗುಟ್ಟಿದ್ದನ್ನು ಬರೆಯುತ್ತಿದ್ದಳು. ತರಗತಿಯಲ್ಲಿ ಮಾತನಾಡುತ್ತಾಳೆಂದು ನಾನು ಎರಡು ಬಾರಿ ಗದರಿಸಿಯೂ ಇದ್ದೆ. ಒಂದು ವರ್ಷದಿಂದ ಕಣ್ಣೆದುರಿಗಿದ್ದವಳ ಕಣ್ಣಿನ ಕೊರತೆ ಎರಡು ಕಣ್ಣೂ ಸರಿಯಿರುವ ನನಗೆ ಕಾಣಲಿಲ್ಲ. ಅಂದು ಸಂಜೆ ಮನೆಗೆ ಬಂದು ಆ ಪಂದ್ಯದ ಸಮಾಚಾರವನ್ನೆಲ್ಲ ಹುಡುಕಿ ಓದಿದೆ. ಓದಿದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಅಂಧ ಮಹಿಳೆಯರ ಮೊಟ್ಟಮೊದಲನೆಯ ಟಿ-20 ವಿಶ್ವಕಪ್ ಅದು. ಭಾರತ, ನೇಪಾಳ, ಪಾಕಿಸ್ತಾನ, ಶ್ರೀಲಂಕಾ, ಆಸ್ಟ್ರೇಲಿಯ, ಅಮೆರಿಕ ಎಂಬ ಆರು ತಂಡಗಳು. ಅಂಧ ಪುರುಷರಿಗೆ ವಿಶ್ವಕಪ್ ಆರಂಭವಾದದ್ದು 1998ರಲ್ಲಿ. ಹೆಂಗಸರ ಸರದಿ ಬರಲು ಇಪ್ಪತ್ತೇಳು ವರ್ಷ ಹಿಡಿಯಿತು. ಕೊಲಂಬೋದ ಪಿ. ಸರವಣಮುತ್ತು ಮೈದಾನದಲ್ಲಿ ನವೆಂಬರ್ 23ರಂದು ನಡೆದ ಅಂತಿಮ ಪಂದ್ಯದಲ್ಲಿ ನೇಪಾಳದವರು ಇಪ್ಪತ್ತು ಓವರುಗಳಲ್ಲಿ ಐದು ವಿಕೆಟ್ ಕಳೆದುಕೊಂಡು ಗಳಿಸಿದ್ದು 114 ಓಟ. ಇನ್ನೂ ಏಳು ಓವರುಗಳು ಉಳಿದಿರುವಾಗಲೇ ನಮ್ಮವರು ಏಳು ವಿಕೆಟ್‌ಗಳಿಂದ ಜಯಿಸಿದರು. ಒಡಿಶಾದ ಫೂಲಾ ಸರೇನ್ 44 ಓಟ ಹೊಡೆದು ಔಟಾಗದೆ ಉಳಿದಳು. ಇದೇ ಪಂದ್ಯಾವಳಿಯಲ್ಲಿ ಪಾಕಿಸ್ತಾನದ ಮೆಹ್ರೀನ್ ಅಲಿ ಎಂಬಾಕೆ ಶ್ರೀಲಂಕಾದ ವಿರುದ್ಧ ಒಬ್ಬಳೇ 230 ಓಟ ಗಳಿಸಿದ್ದಳು! ಕಣ್ಣುಳ್ಳವರ ಭಾರತ–ಪಾಕಿಸ್ತಾನ ತಂಡಗಳು ಆ ವರ್ಷ ಕೈ ಕುಲುಕಲೊಲ್ಲದೆ ಮುಖ ತಿರುಗಿಸಿ ನಡೆದದ್ದು ಎಲ್ಲರಿಗೂ ತಿಳಿದ ಸಂಗತಿ. ಈ ಹುಡುಗಿಯರು ಕೈ ಕುಲುಕಿದರು. ಒಂದೇ ಬಸ್ಸಿನಲ್ಲಿ ಮೈದಾನಕ್ಕೆ ಹೋಗಿಬಂದರು.

ಕಣ್ಣು ಕಾಣದೆ ಕ್ರಿಕೆಟ್ ಆಡುವುದೆಂತು? ಚೆಂಡು ಬಿಳಿಯ ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಉಕ್ಕಿನ ಸಣ್ಣ ಗುಂಡುಗಳು. ಉರುಳಿದರೆ ಗಲಗಲ ಎನ್ನುತ್ತದೆ. ಎಸೆಯುವವಳು "ರೆಡಿ?" ಎಂದು ಕೇಳಬೇಕು, ದಾಂಡಿನವಳು "ಯೆಸ್" ಎನ್ನಬೇಕು, "ಪ್ಲೇ" ಎಂದು ಕೂಗಿದ ಮೇಲೆಯೇ ಚೆಂಡು ಕೈ ಬಿಡಬೇಕು. ಕೈಯನ್ನು ಭುಜದ ಮೇಲಕ್ಕೆತ್ತಿ ಎಸೆಯುವಂತಿಲ್ಲ, ಕೆಳಗಿನಿಂದಲೇ ಎಸೆಯಬೇಕು, ಅಂಕಣದ ನಡುಗೆರೆಗೆ ಮುಂಚೆಯೇ ಚೆಂಡು ಒಮ್ಮೆ ನೆಲ ಮುಟ್ಟಬೇಕು. ನೆಲದ ಗುಂಟ ಬರುವ ದನಿಯ ಜಾಡು ಹಿಡಿದು, ಮಂಡಿಯೂರಿ, ದಾಂಡನ್ನು ಅಡ್ಡಲಾಗಿ ಬೀಸುವುದೇ ಇಲ್ಲಿಯ ಮುಖ್ಯ ಹೊಡೆತ.

ಆಟಗಾರ್ತಿಯರಲ್ಲಿ ಮೂರು ವರ್ಗ. ಪೂರ್ಣ ಅಂಧರು ಬಿ-1. ಸರಿಯಾದ ಕಣ್ಣಿಗೆ ಅರುವತ್ತು ಮೀಟರಿನಿಂದ ಕಾಣುವ ವಸ್ತು ಎರಡು ಮೀಟರಿನೊಳಗೆ ಬಂದರಷ್ಟೇ ಕಾಣುವವರು ಬಿ-2. ಆರು ಮೀಟರಿನೊಳಗೆ ಕಾಣುವವರು ಬಿ-3. ಹನ್ನೊಂದು ಜನರಲ್ಲಿ ಬಿ-1 ವರ್ಗದವರು ನಾಲ್ವರಾದರೂ ಇರಲೇಬೇಕು. ಅವರು ಗಳಿಸಿದ ಒಂದು ಓಟಕ್ಕೆ ಎರಡರ ಲೆಕ್ಕ; ಅವರು ಹಿಡಿಯುವ ಚೆಂಡು ನೆಲಕ್ಕೆ ಒಮ್ಮೆ ಪುಟಿದು ಬಂದರೂ ಕ್ಯಾಚೇ. ಇದನ್ನು ಕೆಲವರು ರಿಯಾಯಿತಿ ಎನ್ನುವರು. ನನಗೆ ಹಾಗೆ ತೋರುವುದಿಲ್ಲ. ಕತ್ತಲಲ್ಲಿ ಒಂದು ಓಟ ಓಡಿ ನೋಡಿದರೆ, ಅದಕ್ಕೆ ಎರಡರ ಬೆಲೆ ಕಡಿಮೆಯಾಯಿತೇ ಎನಿಸೀತು.

ತಂಡದ ನಾಯಕಿ ಟಿ. ಸಿ. ದೀಪಿಕಾ. ಕೂಲಿ ಮಾಡಿ ಬದುಕುವ ಕುಟುಂಬದ ಮಗಳು. ಶೈಶವದಲ್ಲಿಯೇ ಅಪಘಾತದಿಂದ ದೃಷ್ಟಿ ಕಳೆದುಕೊಂಡವಳು. ಆಡುವುದು ಕರ್ನಾಟಕದ ಪರವಾಗಿ. ಹುಟ್ಟೂರು ಗಡಿಯಾಚೆ ಆಂಧ್ರದ ಮಡಕಶಿರಾ ಸೀಮೆಯ ತಂಬಾಲಹಟ್ಟಿ, ಹೇಮಾವತಿಗೆ ಸೇರಿದ್ದು. ಈ ಹೇಮಾವತಿಯೇ ನಮ್ಮ ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ಗಡಿಗೆರೆಯನ್ನು ಯಾರು ಎಲ್ಲಿ ಎಳೆದರೂ ಹಟ್ಟಿಯ ಹೆಸರಿನಲ್ಲಿ ಕನ್ನಡ ಉಳಿದಿದೆ. ಗೆದ್ದ ಮೇಲೆ ಎರಡು ರಾಜ್ಯಗಳೂ ಆಕೆಯನ್ನು ತಮ್ಮವಳೆಂದವು. ಕರ್ನಾಟಕ ಸರಕಾರವು ದೀಪಿಕಾ, ವಿ. ಕಾವ್ಯಾ, ಎನ್. ಆರ್. ಕಾವ್ಯಾ ಈ ಮೂವರಿಗೆ ತಲಾ 10 ಲಕ್ಷ ರೂಪಾಯಿ ಹಾಗೂ ಸರಕಾರಿ ಉದ್ಯೋಗವನ್ನು ಘೋಷಿಸಿತು. ಆಂಧ್ರದ ಉಪಮುಖ್ಯಮಂತ್ರಿಗಳ ಬಳಿ ಆಕೆ ಕೇಳಿದ್ದು ತನ್ನೂರಿಗೊಂದು ರಸ್ತೆ!

ಈ ಆಟ ನಮ್ಮ ಸೀಮೆಗೆ ಹೊಸತೇನಲ್ಲ. ಬೀರೂರಿನಲ್ಲಿ ರೈಲುದಾರಿ ಕವಲೊಡೆಯುತ್ತದೆ: ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ಆ ಶಿವಮೊಗ್ಗದ ಅಂಧರ ಶಾಲೆಯಲ್ಲಿ ಓದಿದ ಶೇಖರ್ ನಾಯ್ಕ್ 2012ರಲ್ಲಿ ಬೆಂಗಳೂರಿನಲ್ಲಿ, 2014ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಭಾರತಕ್ಕೆ ವಿಶ್ವಕಪ್ ತಂದ ನಾಯಕರು; 2017ರಲ್ಲಿ ಪದ್ಮಶ್ರೀ ಪಡೆದರು. 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಮರ್ಥನಂ ಸಂಸ್ಥೆ ಈ ಆಟದ ಬೆನ್ನಿಗೆ ನಿಂತಿದೆ. ಅದರ ಸ್ಥಾಪಕರಾದ ಮಹಾಂತೇಶ ಕಿವಡಸಣ್ಣವರರೂ ಅಂಧರೇ. 2023ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನ ಅಂಧರ ವಿಶ್ವಕ್ರೀಡಾಕೂಟದಲ್ಲಿ ಆಸ್ಟ್ರೇಲಿಯವನ್ನು ಸೋಲಿಸಿ ಚಿನ್ನ ಗೆದ್ದ ಮಹಿಳಾ ತಂಡದ ನಾಯಕಿ ವರ್ಷಾ ಕೂಡ ಕರ್ನಾಟಕದವರು. ತರೀಕೆರೆಯಲ್ಲಿ ಹುಟ್ಟಿ ಬೆಳೆದ ನನಗೆ ಇದಾವುದೂ ತಿಳಿದಿರಲಿಲ್ಲ.

ದನಿಯ ಆಟ ಕ್ರಿಕೆಟ್ ಒಂದೇ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಕಲ್ಪಿಸಿದ ಗೋಲ್‌ಬಾಲ್ ಎಂಬ ಆಟವುಂದಿದೆ. ಪಕ್ಷಕ್ಕೆ ಮೂವರು, ಎಲ್ಲರ ಕಣ್ಣಿಗೂ ಪಟ್ಟಿ, ಒಂದೂಕಾಲು ಕಿಲೋ ತೂಕದ, ಗೆಜ್ಜೆಯಿಟ್ಟ ಚೆಂಡು. ಅದನ್ನು ನೆಲಕ್ಕೊರಗಿ ಮೈಯಿಂದಲೇ ತಡೆಯಬೇಕು. ಪ್ಯಾರಾಲಿಂಪಿಕ್ಸ್‌ನಲ್ಲಿ ಟರ್ಕಿಯ ಮಹಿಳೆಯರು ರಿಯೋ, ಟೋಕಿಯೋ, ಪ್ಯಾರಿಸ್ ಮೂರೂ ಕಡೆ ಇದರಲ್ಲಿ ಚಿನ್ನ ಗೆದ್ದಿದ್ದಾರೆ. ಅಲ್ಲಿ ಪ್ರೇಕ್ಷಕರು ಉಸಿರು ಬಿಗಿಹಿಡಿದು ಕೂರಬೇಕಂತೆ. ಸದ್ದಾದರೆ ಆಟಗಾರರಿಗೆ ಚೆಂಡು ಕಾಣದು. ನಮ್ಮ ಜಾತ್ರೆಯ ಜನಕ್ಕೆ ಇದೊಂದು ಕಠಿಣ ಪರೀಕ್ಷೆಯೇ ಸರಿ.

ಮರುದಿನ ಆ ಹುಡುಗಿಯನ್ನು ಕರೆದು ಈ ಮೂರು ವರ್ಗಗಳ ವಿಚಾರ ಹೇಳಿದೆ. "ನಾನು ಯಾವುದಕ್ಕೆ ಬರ್ತೀನಿ ಸರ್?" ಎಂದಳು. ನೇತ್ರವೈದ್ಯರು ಅಳೆದೇ ಹೇಳಬೇಕು. ಶಾಲೆಯ ದಿನಗಳಿಂದ ಯಾರೂ ಅಳೆದಿರಲಿಲ್ಲ. ತಿಳಿದರೆ ಮದುವೆಗೆ ತೊಡಕಾದೀತೆಂದು ಮನೆಯವರು ಹೊರಗೆ ಬಾಯಿಬಿಟ್ಟಿರಲಿಲ್ಲ. ಬೀರೂರು ಬಂತೆಂಬುದನ್ನು ಗಾಲಿಗಳ ಸದ್ದು ಬದಲಾಗುವುದರಿಂದಲೇ ತಿಳಿಯುತ್ತಿದ್ದಳಂತೆ.

ಡಿಸೆಂಬರಿನಲ್ಲಿ ಅವಳ ತಂದೆ ಕಾಲೇಜಿಗೆ ಬಂದರು. ಜಗುಲಿಯಲ್ಲಿ ಕೂರಿಸಿ ದೀಪಿಕಾಳ ಕಥೆಯನ್ನೆಲ್ಲ ಹೇಳಿದೆ. ಕೇಳಿದರು. "ಇರೋ ಚೂರು ಕಣ್ಣಿಗೂ ಚೆಂಡು ಬಿದ್ದರೆ ಯಾರು ನೋಡ್ಕೋತಾರೆ ಮೇಷ್ಟ್ರೇ?" ಎಂದರು.

"ಚೆಂಡು ನೆಲದ ಮೇಲೆ ಉರುಳಿ ಬರುತ್ತದೆ ಯಜಮಾನರೇ" ಎಂದೆ. ಅದು ಪೂರ್ತಿ ಉತ್ತರವಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಸ್ವಲ್ಪ ಹೊತ್ತು ಟವೆಲ್ಲಿನ ಅಂಚನ್ನು ಮಡಿಸುತ್ತ ಕುಳಿತಿದ್ದು, ಆಮೇಲೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಯಾವ ವಾರ ಸಿಗುವರೆಂದು ಕೇಳಿದರು. ಮಗಳು ಕಂಬದ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.